ಪಟ್ಟಿಯೇನೋ ಇದೆ, ಗಂಟೆ ಬಾರಿಸುತ್ತಿಲ್ಲ! ಟು-ಡು ಆ್ಯಪ್ ಬಗ್ಗೆ ಓದುಗರ ಪ್ರಶ್ನೆಗಳು

ಕ್ಯಾಲೆಂಡರಿನ ಹಿಂಬದಿಯಲ್ಲೋ ಹಾಲಿನ ಲೆಕ್ಕದ ಪುಸ್ತಕದಲ್ಲೋ ಇದ್ದ ‘ಮಾಡಬೇಕಾದ ಕೆಲಸ’ದ ಪಟ್ಟಿ ಈಗ ಫೋನಿಗೆ ಬಂದು ಕೂತಿದೆ. ಆ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಮೆನುವಿನ ಹೆಸರುಗಳನ್ನು ಇಂಗ್ಲಿಷಿಗೆ ಹೊಂದಿಸಿಟ್ಟ ಫೋನಿನಲ್ಲಿ ಕಾಣುವಂತೆಯೇ ಬರೆದಿದ್ದೇವೆ. ಕಂಪನಿಗೊಂದು ರೀತಿ ಇರುವುದರಿಂದ ಒಂದೆರಡು ಪದ ಆಚೀಚೆ ಆಗಬಹುದು.

ಪ್ರಶ್ನೆ: ಪ್ಲೇ ಸ್ಟೋರ್‌ನಲ್ಲಿ ಟು-ಡು ಎಂದು ಹುಡುಕಿದರೆ ಮುಗಿಯದಷ್ಟು ಆ್ಯಪ್ ಬರುತ್ತವೆ. ನಾಲ್ಕನ್ನು ಹಾಕಿ ತೆಗೆದಾಯಿತು. ನನಗೆ ಬೇಕಾದದ್ದು ಇಷ್ಟೇ: ಕೆಲಸ ಬರೆದಿಡಬೇಕು, ಹೊತ್ತಿಗೆ ಸರಿಯಾಗಿ ನೆನಪಿಸಬೇಕು, ಮುಗಿದ ಮೇಲೆ ಟಿಕ್ ಹಾಕಬೇಕು. ಯಾವುದನ್ನು ಇಟ್ಟುಕೊಳ್ಳಲಿ?
– ಪ್ರೌಢಶಾಲಾ ಶಿಕ್ಷಕಿ, ತಿಪಟೂರು

ಉತ್ತರ: ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ಫೋನಿನ ಜೊತೆಗೇ ಬರುವ ಅಥವಾ ಈಗಾಗಲೇ ಇರುವ ಖಾತೆಯಲ್ಲೇ ಸಿಗುವ ಆ್ಯಪನ್ನು ಬಿಟ್ಟು ನಾವು ಊರೆಲ್ಲ ಹುಡುಕುತ್ತೇವೆ. ನೀವು ಹೇಳಿದ ಮೂರು ಕೆಲಸಕ್ಕೆ ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಟಾಸ್ಕ್ಸ್ ಸಾಕು. 2018ರಿಂದ ಪ್ರತ್ಯೇಕ ಆ್ಯಪ್ ಆಗಿ ಸಿಗುತ್ತಿದೆ. ಉಚಿತ, ನಿಮ್ಮ ಜಿಮೇಲ್ ಖಾತೆಯೇ ಅದರ ಖಾತೆ, ಹೊಸ ಪಾಸ್‌ವರ್ಡ್ ಬೇಡ. ಕೆಲಸಕ್ಕೆ ದಿನಾಂಕ, ಸಮಯ, ಮರುಕಳಿಕೆ, ಒಳಗೆ ಉಪಕೆಲಸ, ಅಷ್ಟೇ. ದಿನಾಂಕ ಹಾಕಿದ್ದೆಲ್ಲ ಗೂಗಲ್ ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ. ಐಫೋನ್ ಇದ್ದರೆ ಅದರಲ್ಲಿ ಮೊದಲೇ ಇರುವ ರಿಮೈಂಡರ್ಸ್ ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ.

ಬೇರೆ ಆ್ಯಪ್ ಬೇಕಾಗುವುದು ಮೂರು ಸಂದರ್ಭಗಳಲ್ಲಿ. ಪಟ್ಟಿಯನ್ನು ಮನೆಯವರೊಂದಿಗೆ ಹಂಚಿಕೊಳ್ಳಬೇಕಾದರೆ, ಅಥವಾ ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲೂ ಅದೇ ಪಟ್ಟಿ ಬೇಕಾದರೆ ಮೈಕ್ರೋಸಾಫ್ಟ್ ಟು ಡು ನೋಡಿ. ಯಾವ ಖಾತೆಯೂ ಬೇಡ, ಮಾಹಿತಿ ಫೋನಿನಲ್ಲೇ ಇರಲಿ ಎಂದರೆ ಟಾಸ್ಕ್ಸ್ ಡಾಟ್ ಆರ್ಗ್. ಇನ್ನು ಹತ್ತಾರು ಬಗೆಯ ಮರುಕಳಿಸುವ ಕೆಲಸ, ವಿಭಾಗ, ಆದ್ಯತೆ ಎಲ್ಲ ಬೇಕೆನ್ನುವವರಿಗೆ ಟುಡೂಯಿಸ್ಟ್ ಇದೆ. ಅದರ ಉಚಿತ ಯೋಜನೆಯಲ್ಲಿ 5 ಪ್ರಾಜೆಕ್ಟ್ ಮಾತ್ರ. ನಿಮಗೆ ಅದು ಮದುವೆಮನೆಯ ಕೊಪ್ಪರಿಗೆಯಲ್ಲಿ ಒಂದು ಲೋಟ ಕಾಫಿ ಕಾಯಿಸಿದಂತಾದೀತು.

ಆಯ್ಕೆ ಮಾಡುವಾಗ ಬಣ್ಣ, ಥೀಮ್ ನೋಡಬೇಡಿ. ‘ನಾಳೆ ಸಂಜೆ 5ಕ್ಕೆ ಪ್ರಶ್ನೆಪತ್ರಿಕೆ ಕೊಡಬೇಕು’ ಎಂಬುದನ್ನು ಬರೆದು ಸಮಯ ಹಾಕಿ ಉಳಿಸಲು ಎಷ್ಟು ಸಲ ಬೆರಳು ಒತ್ತಬೇಕು ಎಂದು ಎಣಿಸಿ. ಏಳೆಂಟಕ್ಕಿಂತ ಹೆಚ್ಚಾದರೆ ಎರಡನೇ ವಾರಕ್ಕೆ ಆ ಆ್ಯಪ್ ಮೂಲೆಗೆ ಬೀಳುತ್ತದೆ. ಎಣಿಕೆ ಕಡಿಮೆ ಮಾಡಲು ವಿಜೆಟ್ ಹಾಕಿಕೊಳ್ಳಿ: ಹೋಮ್ ಸ್ಕ್ರೀನಿನ ಖಾಲಿ ಜಾಗವನ್ನು ಒತ್ತಿ ಹಿಡಿಯಿರಿ, ವಿಜೆಟ್ಸ್ ಆರಿಸಿ, ಟಾಸ್ಕ್ಸ್ ಪಟ್ಟಿಯನ್ನು ಎಳೆದು ತಂದು ಬಿಡಿ. ಅದರಲ್ಲೇ ಇರುವ ಕೂಡಿಸುವ ಚಿಹ್ನೆ ಒತ್ತಿದರೆ ಆ್ಯಪ್ ತೆರೆಯದೆಯೇ ಬರೆಯಬಹುದು. ಪಟ್ಟಿಯೂ ಕಣ್ಣಮುಂದೆ ಇರುತ್ತದೆ.

ಪ್ರಶ್ನೆ: ಸಮಯ ಹಾಕಿಟ್ಟರೂ ನನ್ನ ಫೋನಿನಲ್ಲಿ ನೆನಪಿನ ಗಂಟೆ ಬಾರಿಸುವುದೇ ಇಲ್ಲ. ಆ್ಯಪ್ ತೆರೆದಾಗ ಮಾತ್ರ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಮೂರು ಆ್ಯಪ್ ಬದಲಿಸಿದರೂ ಅದೇ ಕಥೆ. ಫೋನೇ ಹಾಳಾಗಿದೆಯೇ?
– ಎಲೆಕ್ಟ್ರಿಕಲ್ ಅಂಗಡಿ ಮಾಲೀಕರು, ಹಾವೇರಿ

ಉತ್ತರ: ಫೋನೂ ಹಾಳಾಗಿಲ್ಲ, ಆ್ಯಪೂ ಕೆಟ್ಟದ್ದಲ್ಲ. ‘ತೆರೆದಾಗ ಎಲ್ಲ ಒಟ್ಟಿಗೆ’ ಎನ್ನುವ ಲಕ್ಷಣವೇ ಕಾರಣ ಹೇಳುತ್ತಿದೆ: ಬ್ಯಾಟರಿ ಉಳಿಸಲು ಫೋನು ಆ ಆ್ಯಪನ್ನು ಮಲಗಿಸಿಬಿಟ್ಟಿದೆ. 2015ರ ಆಂಡ್ರಾಯ್ಡ್ 6ರಲ್ಲಿ ಡೋಜ್ ಎಂಬ ವ್ಯವಸ್ಥೆ ಬಂತು. ಚಾರ್ಜರ್ ಹಾಕದೆ, ಅಲುಗಾಡಿಸದೆ, ಸ್ಕ್ರೀನ್ ಆರಿಸಿ ಫೋನನ್ನು ಮೇಜಿನ ಮೇಲೆ ಬಿಟ್ಟರೆ ಸ್ವಲ್ಪ ಹೊತ್ತಿನ ನಂತರ ಅದು ಆ್ಯಪ್‌ಗಳ ಕೆಲಸವನ್ನು ಮುಂದಕ್ಕೆ ತಳ್ಳುತ್ತದೆ. ಫೋನ್ ಕಂಪನಿಗಳು ಅದರ ಮೇಲೆ ತಮ್ಮದೇ ಬಿಗಿಯನ್ನೂ ಹೇರಿವೆ. ಹಾಗಾಗಿ ಆ್ಯಪ್ ಬದಲಿಸಿ ಪ್ರಯೋಜನವಿಲ್ಲ. ಹೊಸದಕ್ಕೂ ಅದೇ ಗತಿ. ಒಂದನ್ನೇ ಇಟ್ಟುಕೊಂಡು ಈ ಕ್ರಮದಲ್ಲಿ ನೋಡಿ.

ಮೊದಲು ಆ್ಯಪ್ ಐಕಾನನ್ನು ಒತ್ತಿ ಹಿಡಿದು ಆ್ಯಪ್ ಇನ್ಫೋ ತೆರೆಯಿರಿ. ನೋಟಿಫಿಕೇಷನ್ಸ್ ಆನ್ ಇದೆಯೇ? ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್ ಇದಕ್ಕೆ ಅನುಮತಿ ಕೇಳುತ್ತದೆ. ಅವಸರದಲ್ಲಿ ‘ಡೋಂಟ್ ಅಲೋ’ ಒತ್ತಿದವರು ಬಹಳ. ಅದೇ ಪುಟದಲ್ಲಿ ನೋಟಿಫಿಕೇಷನ್ ವಿಭಾಗಗಳೂ ಇರುತ್ತವೆ. ನೆನಪಿನ ವಿಭಾಗ ‘ಸೈಲೆಂಟ್’ ಆಗಿದ್ದರೆ ಸಂದೇಶ ಬರುತ್ತದೆ, ಸದ್ದು ಬರುವುದಿಲ್ಲ.

ಎರಡನೆಯದು ‘ಅಲಾರಮ್ಸ್ ಆ್ಯಂಡ್ ರಿಮೈಂಡರ್ಸ್’. ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಪ್ ಆ್ಯಕ್ಸೆಸ್ ಒಳಗೆ ಸಿಗುತ್ತದೆ. ನಿಖರ ಸಮಯಕ್ಕೆ ಎಚ್ಚರಿಸಲು ಬೇಕಾದ ಈ ಅನುಮತಿ ಆಂಡ್ರಾಯ್ಡ್ 12ರಲ್ಲಿ ಬಂತು. ಆಂಡ್ರಾಯ್ಡ್ 14ರಿಂದ, ಹೊಸದಾಗಿ ಹಾಕಿಕೊಂಡ ಅನೇಕ ಆ್ಯಪ್‌ಗಳಿಗೆ ಇದು ತಾನಾಗಿ ಸಿಗುವುದಿಲ್ಲ, ನಾವೇ ಕೊಡಬೇಕು. ಕೊಡದಿದ್ದರೆ 5 ಗಂಟೆಯ ನೆನಪು 5.20ಕ್ಕೋ ಇನ್ನೂ ತಡವಾಗಿಯೋ ಬರುತ್ತದೆ. ನಿಮ್ಮ ಆ್ಯಪಿನ ಹೆಸರೇ ಅಲ್ಲಿ ಇಲ್ಲದಿದ್ದರೆ ಅದು ಈ ಅನುಮತಿ ಕೇಳಿಯೇ ಇಲ್ಲ ಎಂದರ್ಥ, ಮುಂದಕ್ಕೆ ಹೋಗಿ.

ಮೂರನೆಯದು ಬ್ಯಾಟರಿ. ಆ್ಯಪ್ ಇನ್ಫೋದಲ್ಲಿ ಬ್ಯಾಟರಿ ತೆರೆದು ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ರೆಡ್‌ಮಿ, ಪೊಕೊ ಫೋನುಗಳಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಎಂದಿರುತ್ತದೆ, ಜೊತೆಗೆ ‘ಆಟೋಸ್ಟಾರ್ಟ್’ ಕೂಡ ಆನ್ ಮಾಡಬೇಕು. ರಿಯಲ್‌ಮಿ, ಒಪ್ಪೊ, ಒನ್‌ಪ್ಲಸ್‌ಗಳಲ್ಲಿ ‘ಅಲೋ ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ’, ‘ಅಲೋ ಆಟೋ ಲಾಂಚ್’ ಎರಡೂ ಬೇಕು. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ, ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್ ಒಳಗೆ ಹೋಗಿ ‘ಡೀಪ್ ಸ್ಲೀಪಿಂಗ್’ ಪಟ್ಟಿಯಿಂದ ಆ್ಯಪನ್ನು ತೆಗೆದು ‘ನೆವರ್ ಸ್ಲೀಪಿಂಗ್’ ಪಟ್ಟಿಗೆ ಸೇರಿಸಿ. ಬ್ಯಾಟರಿ ಬೇಗ ಖಾಲಿಯಾದೀತು ಎಂಬ ಭಯ ಬೇಡ. ದಿನಕ್ಕೆ ನಾಲ್ಕಾರು ಸಲ ಎಚ್ಚರಗೊಳ್ಳುವ ಟು-ಡು ಆ್ಯಪ್ ತಿನ್ನುವ ವಿದ್ಯುತ್ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಅಭ್ಯಾಸ ಬಿಡಬೇಕು. ‘ಫೋರ್ಸ್ ಸ್ಟಾಪ್’ ಒತ್ತಿದರೆ ಆ ಆ್ಯಪ್ ಹಾಕಿಟ್ಟ ಎಲ್ಲ ಅಲಾರಂಗಳೂ ಅಳಿಯುತ್ತವೆ, ಮತ್ತೆ ತೆರೆಯುವ ತನಕ ಒಂದೂ ಬಾರಿಸುವುದಿಲ್ಲ. ಕೆಲವು ಕಂಪನಿಗಳ ಫೋನಿನಲ್ಲಿ ಇತ್ತೀಚೆಗೆ ತೆರೆದ ಆ್ಯಪ್‌ಗಳ ಸಾಲಾದ ರೀಸೆಂಟ್ಸ್‌ನಿಂದ ಆ್ಯಪ್ ತಳ್ಳಿ ಹಾಕುವುದೂ ಹೆಚ್ಚುಕಡಿಮೆ ಇದಕ್ಕೇ ಸಮ. ‘ಕ್ಲೀನರ್’, ‘ಬೂಸ್ಟರ್’ ಎಂಬ ಆ್ಯಪ್ ಏನಾದರೂ ಇದ್ದರೆ ಮೊದಲು ಅದನ್ನು ತೆಗೆಯಿರಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಇಷ್ಟಾದ ಮೇಲೆ ಮೂರು ಪರೀಕ್ಷೆ ಮಾಡಿ. ಒಂದು, 3 ನಿಮಿಷದ ಮುಂದಿನ ಸಮಯ ಹಾಕಿ ಸ್ಕ್ರೀನ್ ಲಾಕ್ ಮಾಡಿ ಕಾಯಿರಿ. ಇದು ತಪ್ಪಿದರೆ ನೋಟಿಫಿಕೇಷನ್ ಅನುಮತಿಯ ತೊಂದರೆ. ಎರಡು, 2 ಗಂಟೆಯ ಮುಂದಿನ ಸಮಯ ಹಾಕಿ ಫೋನನ್ನು ಚಾರ್ಜರ್ ಇಲ್ಲದೆ ಮುಟ್ಟದೆ ಬಿಡಿ. ತಪ್ಪಿದರೆ ಬ್ಯಾಟರಿ ಅಥವಾ ಅಲಾರಂ ಅನುಮತಿ. ಮೂರು, ಸಮಯ ಹಾಕಿ ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್ ತೆರೆಯದೆ ಕಾಯಿರಿ. ತಪ್ಪಿದರೆ ಆಟೋಸ್ಟಾರ್ಟ್. ರೀಸ್ಟಾರ್ಟ್ ಆದ ಮೇಲೆ ಒಮ್ಮೆ ಪಿನ್ ಹಾಕಿ ತೆರೆಯುವ ತನಕ ಹೆಚ್ಚಿನ ಆ್ಯಪ್‌ಗಳು ಓಡುವುದೇ ಇಲ್ಲ ಎಂಬುದು ಗೊತ್ತಿರಲಿ. ರಾತ್ರಿ ತಾನಾಗಿ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದ ಫೋನು ಬೆಳಗ್ಗೆ 6ರ ನೆನಪನ್ನು ನುಂಗುವುದು ಹೀಗೆ.

ಪ್ರಶ್ನೆ: ಗೂಗಲ್ ಕೀಪ್ ಇದೆ, ಗೂಗಲ್ ಟಾಸ್ಕ್ಸ್ ಇದೆ. ಎರಡೂ ಒಂದೇ ಕಂಪನಿಯದು. ವ್ಯತ್ಯಾಸ ಏನು?
– ಪದವಿ ವಿದ್ಯಾರ್ಥಿ, ಬೀದರ್

ಉತ್ತರ: ಕೀಪ್ ಟಿಪ್ಪಣಿ ಪುಸ್ತಕ, ಟಾಸ್ಕ್ಸ್ ಕೆಲಸದ ಪಟ್ಟಿ. ದಿನಾಂಕ ಇಲ್ಲದ್ದು, ಉಳಿದಿರಬೇಕಾದ್ದು ಕೀಪ್‌ಗೆ: ಸಾಮಾನಿನ ಪಟ್ಟಿ, ಪ್ರವಾಸಕ್ಕೆ ಕಟ್ಟಿಕೊಳ್ಳುವ ವಸ್ತುಗಳು, ಓದಬೇಕಾದ ಪುಸ್ತಕಗಳು. ದಿನಾಂಕ ಇರುವುದು, ಮುಗಿದ ಮೇಲೆ ಮರೆತುಬಿಡಬಹುದಾದ್ದು ಟಾಸ್ಕ್ಸ್‌ಗೆ: ಪರೀಕ್ಷಾ ಶುಲ್ಕ, ಅಸೈನ್‌ಮೆಂಟ್. ಕೀಪ್‌ನಲ್ಲಿ ಅಳಿಸಿದ ಟಿಪ್ಪಣಿ ಕಸದಬುಟ್ಟಿಯಲ್ಲಿ 7 ದಿನ ಮಾತ್ರ ಇರುತ್ತದೆ, ಆಮೇಲೆ ಸಿಗುವುದಿಲ್ಲ. ಅಳಿಸುವ ಬದಲು ಆರ್ಕೈವ್ ಮಾಡುವುದು ರೂಢಿಯಾಗಲಿ.

ಪ್ರಶ್ನೆ: ಮನೆಯ ದಿನಸಿ ಪಟ್ಟಿಯನ್ನು ನಾನು ಬರೆಯುತ್ತೇನೆ, ತರುವವರು ಅವರು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಮಧ್ಯೆ ನಾಲ್ಕು ಸಂದೇಶ ಬಂದು ಪಟ್ಟಿ ಮೇಲೆ ಹೋಗಿಬಿಡುತ್ತದೆ, ಎರಡು ವಸ್ತು ಮರೆತು ಬರುತ್ತಾರೆ. ನನ್ನದು ಆಂಡ್ರಾಯ್ಡ್, ಅವರದು ಐಫೋನ್. ಇಬ್ಬರಿಗೂ ಕಾಣುವ ಪಟ್ಟಿ ಸಾಧ್ಯವೇ?
– ಗೃಹಿಣಿ, ಶಿರಸಿ

ಉತ್ತರ: ಸಾಧ್ಯ. ಆದರೆ ಇಲ್ಲಿ ಎರಡು ಹೆಸರು ಬಿಟ್ಟುಬಿಡಿ. ಗೂಗಲ್ ಟಾಸ್ಕ್ಸ್‌ನಲ್ಲಿ ನಿಮ್ಮ ಪಟ್ಟಿಯನ್ನು ಮನೆಯವರ ಜೊತೆ ಹಂಚಿಕೊಳ್ಳಲು ಬರುವುದಿಲ್ಲ. ಐಫೋನಿನ ರಿಮೈಂಡರ್ಸ್ ಹಂಚಿಕೊಳ್ಳುತ್ತದೆ, ಆದರೆ ಆ್ಯಪಲ್‌ನ ಆನ್‌ಲೈನ್ ಸೇವೆಯಾದ ಐಕ್ಲೌಡ್ ಬಳಸುವವರ ನಡುವೆ ಮಾತ್ರ. ನಿಮ್ಮಿಬ್ಬರಿಗೆ ಹೊಂದುವುದು ಗೂಗಲ್ ಕೀಪ್ ಅಥವಾ ಮೈಕ್ರೋಸಾಫ್ಟ್ ಟು ಡು. ಬರೀ ದಿನಸಿಗಾದರೆ ಕೀಪ್ ಹಗುರ.

ಕೀಪ್‌ನಲ್ಲಿ ಹೊಸ ಪಟ್ಟಿ ಮಾಡಿ ‘ದಿನಸಿ’ ಎಂದು ಹೆಸರಿಡಿ. ಮೂರು ಚುಕ್ಕಿಯ ಮೆನುವಿನಲ್ಲಿ ‘ಕೊಲಾಬರೇಟರ್’ ಒತ್ತಿ ಅವರ ಜಿಮೇಲ್ ವಿಳಾಸ ಸೇರಿಸಿ ಸೇವ್ ಮಾಡಿ. ಅವರ ಐಫೋನಿನಲ್ಲೂ ಕೀಪ್ ಆ್ಯಪ್ ಹಾಕಿ ಅದೇ ಜಿಮೇಲ್‌ನಿಂದ ಲಾಗಿನ್ ಆಗಬೇಕು. ಫೋನಿನಲ್ಲಿ ಎರಡು ಜಿಮೇಲ್ ಖಾತೆ ಇದ್ದು ಕೀಪ್ ಇನ್ನೊಂದರಲ್ಲಿ ತೆರೆದಿದ್ದರೆ ಪಟ್ಟಿ ಕಾಣುವುದೇ ಇಲ್ಲ. ‘ಹಂಚಿದರೂ ಬಂದಿಲ್ಲ’ ಎಂದಾಗ ಮೊದಲು ನೋಡಬೇಕಾದ್ದು ಇದನ್ನೇ. ಸರಿಯಾಗಿದ್ದರೆ ಅವರು ಅಂಗಡಿಯಲ್ಲಿ ಟಿಕ್ ಹಾಕಿದ್ದು ನಿಮಗೆ ಮನೆಯಲ್ಲಿ ಕಾಣುತ್ತದೆ. ಅವರು ಹೊರಟ ಮೇಲೆ ‘ಹಿಂಗು’ ಎಂದು ಸೇರಿಸಿದರೂ ಅಲ್ಲಿಗೆ ತಲುಪುತ್ತದೆ. ನೆಲಮಾಳಿಗೆಯ ಅಂಗಡಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಟಿಕ್ ಹಾಕಬಹುದು, ಸಿಗ್ನಲ್ ಬಂದಾಗ ಹೊಂದಿಕೊಳ್ಳುತ್ತದೆ. ಒಂದು ವಿಷಯ: ಕೀಪ್‌ನಲ್ಲಿ ನೀವು ಹಾಕುವ ನೆನಪು ನಿಮಗೆ ಮಾತ್ರ ಬರುತ್ತದೆ, ಅವರಿಗೆ ಬರುವುದಿಲ್ಲ. ಅವರಿಗೆ ಬೇಕಾದರೆ ಅವರ ಫೋನಿನಲ್ಲೇ ಹಾಕಿಕೊಳ್ಳಬೇಕು.

ಪಟ್ಟಿಯನ್ನು ತಿಂಗಳು ತಿಂಗಳೂ ಹೊಸದಾಗಿ ಬರೆಯಬೇಡಿ. ವಸ್ತು ಹೆಸರಿನ ಮುಂದೆಯೇ ಪ್ರಮಾಣ ಇರಲಿ: ತೊಗರಿಬೇಳೆ 2 ಕೆಜಿ, ಉದ್ದಿನಬೇಳೆ 1 ಕೆಜಿ, ಬೆಲ್ಲ 1 ಕೆಜಿ, ಕೊಬ್ಬರಿ ಎಣ್ಣೆ 500 ಮಿಲಿ. ಬೇಳೆಗಳೆಲ್ಲ ಒಂದು ಕಡೆ, ಸಾಬೂನು-ಪುಡಿ ಒಂದು ಕಡೆ, ಅಂದರೆ ಅಂಗಡಿಯಲ್ಲಿ ಸಿಗುವ ಕ್ರಮದಲ್ಲಿ ಜೋಡಿಸಿ. ತಂದಾದ ಮೇಲೆ ಮೆನುವಿನಲ್ಲಿ ‘ಅನ್‌ಚೆಕ್ ಆಲ್ ಐಟಮ್ಸ್’ ಒತ್ತಿದರೆ ಮುಂದಿನ ತಿಂಗಳಿಗೆ ಪಟ್ಟಿ ಸಿದ್ಧ. ಎಚ್ಚರ: ಅದರ ಪಕ್ಕದಲ್ಲೇ ‘ಡಿಲೀಟ್ ಚೆಕ್ಡ್ ಐಟಮ್ಸ್’ ಕೂಡ ಇದೆ. ಬೆರಳು ಜಾರಿದರೆ ಕೂಡಲೇ ಅನ್‌ಡು ಒತ್ತಬೇಕು. ಇದಕ್ಕಾಗಿಯೇ ‘ಮೇಕ್ ಎ ಕಾಪಿ’ ಮಾಡಿ ಮೂಲಪ್ರತಿಯೊಂದನ್ನು ಆರ್ಕೈವ್‌ನಲ್ಲಿ ಇಟ್ಟಿರಿ.

ಮಕ್ಕಳು, ಅತ್ತೆ-ಮಾವ ಎಲ್ಲರನ್ನೂ ಸೇರಿಸಿ ‘ಗ್ಯಾಸ್ ಬುಕ್ ಮಾಡುವುದು ಇವರು, ಫೀಸ್ ಕಟ್ಟುವುದು ಅವರು’ ಎಂದು ಹಂಚುವ ಆಸೆ ಇದ್ದರೆ ಮಾತ್ರ ಮೈಕ್ರೋಸಾಫ್ಟ್ ಟು ಡು. ಅದರಲ್ಲಿ ಲಿಂಕ್ ಕಳಿಸಿ ಪಟ್ಟಿಗೆ ಸೇರಿಸಿಕೊಳ್ಳಬಹುದು, ಪ್ರತಿ ಕೆಲಸವನ್ನೂ ಒಬ್ಬರ ಹೆಸರಿಗೆ ಹಚ್ಚಬಹುದು. ಎಲ್ಲರೂ ಸೇರಿದ ಮೇಲೆ ‘ಲಿಮಿಟ್ ಆ್ಯಕ್ಸೆಸ್ ಟು ಕರೆಂಟ್ ಮೆಂಬರ್ಸ್’ ಒತ್ತಿಬಿಡಿ. ಆ ಲಿಂಕ್ ಬೇರೆ ಗುಂಪಿಗೆ ಹೋದರೂ ಹೊಸಬರು ಒಳಗೆ ಬರಲಾರರು.

ಪ್ರಶ್ನೆ: ಉಚಿತ ಟು-ಡು ಆ್ಯಪೊಂದು ಕಾಂಟ್ಯಾಕ್ಟ್ಸ್, ಎಸ್‌ಎಂಎಸ್ ಅನುಮತಿ ಕೇಳುತ್ತಿದೆ. ಕೊಡಬಹುದೇ?
– ನಿವೃತ್ತ ಅಂಚೆ ನೌಕರರು, ಮಂಡ್ಯ

ಉತ್ತರ: ಬೇಡ. ಕೆಲಸದ ಪಟ್ಟಿಗೆ ಬೇಕಾದದ್ದು ನೋಟಿಫಿಕೇಷನ್ ಮತ್ತು ಅಲಾರಂ. ಮಾತಾಡಿ ಬರೆಸುವುದಾದರೆ ಮೈಕ್, ‘ಅಂಗಡಿ ಹತ್ತಿರ ಹೋದಾಗ ನೆನಪಿಸು’ ಎಂಬ ಸೌಲಭ್ಯ ಬಳಸುವುದಾದರೆ ಲೊಕೇಷನ್. ಎಸ್‌ಎಂಎಸ್ ಓದುವ ಅನುಮತಿ ಎಂದರೆ ಬ್ಯಾಂಕಿನ ಒಟಿಪಿ ಓದುವ ಅನುಮತಿ. ಅದನ್ನು ಕೇಳುವ ಪಟ್ಟಿ ಆ್ಯಪನ್ನು ತೆಗೆದುಹಾಕಿ. ಹಾಗೆಯೇ ನೀವು ಕೂಡ ಯಾವ ಪಟ್ಟಿಯಲ್ಲೂ ಎಟಿಎಂ ಪಿನ್, ಪಾಸ್‌ವರ್ಡ್ ಬರೆದಿಡಬೇಡಿ. ಲಾಕ್ ಸ್ಕ್ರೀನಿನ ಮೇಲೆ ನೆನಪಿನ ಪೂರ್ತಿ ಪಠ್ಯ ಎಲ್ಲರಿಗೂ ಕಾಣಬಹುದು.

ಪ್ರಶ್ನೆ: ಮೊಬೈಲ್ ರೀಚಾರ್ಜ್, ನೀರಿನ ಫಿಲ್ಟರ್, ವಿಮೆ ಕಂತು ಇವನ್ನೆಲ್ಲ ‘ಪ್ರತಿ ತಿಂಗಳು’, ‘ಪ್ರತಿ ವರ್ಷ’ ಎಂದು ಹಾಕಿದ್ದೇನೆ. ಆದರೂ ತಾರೀಖು ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಲ್ಲಿ ತಪ್ಪಿದ್ದೇನೆ?
– ಖಾಸಗಿ ಸಂಸ್ಥೆ ನೌಕರರು, ಹುಬ್ಬಳ್ಳಿ

ಉತ್ತರ: ಮೂರೂ ಮೂರು ಜಾತಿಯ ಕೆಲಸಗಳು, ನೀವು ಒಂದೇ ಹಗ್ಗಕ್ಕೆ ಕಟ್ಟಿದ್ದೀರಿ.

ರೀಚಾರ್ಜ್ ತಿಂಗಳದ್ದಲ್ಲ. 28 ದಿನದ ಪ್ಲಾನ್ ಆದರೆ ವರ್ಷಕ್ಕೆ 13 ಸಲ ಬರುತ್ತದೆ. ‘ಪ್ರತಿ ತಿಂಗಳು’ ಎಂದು ಹಾಕಿದರೆ 31 ದಿನದ ಪ್ರತಿ ತಿಂಗಳಲ್ಲೂ ನೆನಪು 3 ದಿನ ಹಿಂದೆ ಬೀಳುತ್ತಾ ಹೋಗುತ್ತದೆ. ರಿಪೀಟ್‌ನಲ್ಲಿ ‘ಎವ್ರಿ 28 ಡೇಸ್’ ಎಂದೇ ಹಾಕಿ, 84 ದಿನದ ಪ್ಲಾನ್‌ಗೆ 84. ಆರಂಭದ ದಿನವನ್ನು ಮುಗಿಯುವ ದಿನಕ್ಕಿಂತ 1 ದಿನ ಮುಂಚೆ ಇಡಿ.

ಫಿಲ್ಟರ್ ಬೇರೆ ಬಗೆ. ಅದನ್ನು ಎಣಿಸಬೇಕಾದ್ದು ಬದಲಿಸಿದ ದಿನದಿಂದ. 3 ತಿಂಗಳಿಗೊಮ್ಮೆ ಬದಲಿಸುವ ಕ್ಯಾಂಡಲನ್ನು ನೀವು 20 ದಿನ ತಡವಾಗಿ ಹಾಕಿದರೆ, ಮುಂದಿನದೂ 20 ದಿನ ಮುಂದಕ್ಕೆ ಹೋಗಬೇಕು. ಬೈಕಿನ ಆಯಿಲ್, ಕೂದಲು ಕತ್ತರಿಸುವುದು, ಟ್ಯಾಂಕ್ ತೊಳೆಯುವುದು ಇದೇ ಜಾತಿ. ಎಲ್ಲ ಆ್ಯಪ್‌ಗಳಲ್ಲೂ ಈ ಸೌಲಭ್ಯ ಇಲ್ಲ. ಟಾಸ್ಕ್ಸ್ ಡಾಟ್ ಆರ್ಗ್‌ನಲ್ಲಿ ರಿಪೀಟ್ ಕೆಳಗೆ ‘ಡ್ಯೂ ಡೇಟ್’, ‘ಕಂಪ್ಲೀಷನ್ ಡೇಟ್’ ಎಂದು ಎರಡು ಆಯ್ಕೆ ಇದೆ, ಎರಡನೆಯದನ್ನು ಹಿಡಿಯಿರಿ. ಟುಡೂಯಿಸ್ಟ್‌ನಲ್ಲಿ ಇಂಗ್ಲಿಷಿನ ‘ಎವ್ರಿ’ ಪದದ ಬಾಲಕ್ಕೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ ಮುಗಿಸಿದ ದಿನದಿಂದ ಎಣಿಸುತ್ತದೆ. ಗೂಗಲ್ ಟಾಸ್ಕ್ಸ್ ಬಳಸುವವರು ಇಂಥವಕ್ಕೆ ಮರುಕಳಿಕೆ ಹಾಕದೆ, ಟಿಕ್ ಹಾಕುವ ಬದಲು ದಿನಾಂಕವನ್ನೇ ಮುಂದಕ್ಕೆ ಬದಲಿಸುವುದು ಸರಳ.

ವಿಮೆ ಕಂತು ಕ್ಯಾಲೆಂಡರ್ ಜಾತಿ. ನೀವು ಕಟ್ಟಿದ ದಿನಕ್ಕೂ ಅದಕ್ಕೂ ಸಂಬಂಧ ಇಲ್ಲ. ಗಡುವಿನ ದಿನಕ್ಕೆ ಒಂದು, 15 ದಿನ ಮುಂಚೆ ಇನ್ನೊಂದು ಹಾಕಿ. ವಾಹನ ವಿಮೆಗಂತೂ ಮುಂಚಿನದು ಬೇಕೇ ಬೇಕು, ಗಡುವಿನ ದಿನ ಭಾನುವಾರ ಬಂದು ನೀವು ಊರಲ್ಲಿ ಇಲ್ಲದಿದ್ದರೆ ಫಜೀತಿ.

ಇನ್ನೆರಡು ಬಲೆಗಳಿವೆ. ‘ಪ್ರತಿ ತಿಂಗಳ 31’ ಎಂದು ಹಾಕಿದರೆ 31 ಇಲ್ಲದ ತಿಂಗಳುಗಳನ್ನು ಗೂಗಲ್ ಕ್ಯಾಲೆಂಡರ್ ಹಾರಿಬಿಡುತ್ತದೆ. ವರ್ಷಕ್ಕೆ 7 ಸಲ ಮಾತ್ರ ನೆನಪು ಬರುತ್ತದೆ. ‘ತಿಂಗಳ ಕೊನೆಯ ದಿನ’ ಎಂಬ ಆಯ್ಕೆ ಇದ್ದರೆ ಅದನ್ನು, ಇಲ್ಲದಿದ್ದರೆ 28ನ್ನು ಆರಿಸಿ. ಎರಡನೆಯದು ವರ್ಷಕ್ಕೊಮ್ಮೆಯ ಕೆಲಸಕ್ಕೆ ಸಂಬಂಧಿಸಿದ್ದು: ಕೆಲವು ತಿಂಗಳು ತೆರೆಯದೆ ಬಿಟ್ಟ ಆ್ಯಪನ್ನು ಆಂಡ್ರಾಯ್ಡ್ ನಿದ್ರೆಗೆ ತಳ್ಳಿ ಅನುಮತಿಗಳನ್ನು ಹಿಂದಕ್ಕೆ ಪಡೆಯುತ್ತದೆ. ವಿಮೆಗಾಗಿ ಮಾತ್ರ ಆ್ಯಪ್ ಇಟ್ಟುಕೊಂಡವರಿಗೆ ಆ ದಿನ ಸದ್ದೇ ಬಾರದು. ಆ್ಯಪ್ ಇನ್ಫೋ ಪುಟದ ಕೆಳಗಡೆ ಇರುವ ‘ಪಾಸ್ ಆ್ಯಪ್ ಆ್ಯಕ್ಟಿವಿಟಿ ಇಫ್ ಅನ್‌ಯೂಸ್ಡ್’ ಆಫ್ ಮಾಡಿ.

ಪ್ರಶ್ನೆ: ತಂದೆಯವರಿಗೆ 74 ವರ್ಷ. ಬಿಪಿ ಮಾತ್ರೆ ನೆನಪಿಸಲು ಟು-ಡು ಆ್ಯಪ್ ಹಾಕಿಕೊಟ್ಟೆ. ಸದ್ದು ಕೇಳಿಸುವುದಿಲ್ಲ ಅನ್ನುತ್ತಾರೆ.
– ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಮಾತ್ರೆಗೆ ಟು-ಡು ಆ್ಯಪ್ ಸರಿಯಲ್ಲ. ಅದು ಕೊಡುವುದು ನೋಟಿಫಿಕೇಷನ್: ಒಂದು ಸಲ ‘ಟಿಂಗ್’ ಎಂದು ಸುಮ್ಮನಾಗುತ್ತದೆ. ಫೋನಿನ ಗಡಿಯಾರ ಆ್ಯಪಿನ ಅಲಾರಂ ಕೈಯಿಂದ ನಿಲ್ಲಿಸುವ ತನಕ ಬಹಳ ಹೊತ್ತು ಬಾರಿಸುತ್ತದೆ, ಡೋಜ್‌ಗೆ ಮಣಿಯುವುದಿಲ್ಲ, ಡು ನಾಟ್ ಡಿಸ್ಟರ್ಬ್‌ನಲ್ಲೂ ಸಾಮಾನ್ಯವಾಗಿ ಕೇಳಿಸುತ್ತದೆ. ಬೆಳಗ್ಗೆ 8, ರಾತ್ರಿ 8.30 ಎಂದು ಎರಡು ಅಲಾರಂ ಹಾಕಿ, ಏಳೂ ದಿನ ಆರಿಸಿ, ಲೇಬಲ್‌ನಲ್ಲಿ ‘ಬಿಪಿ ಮಾತ್ರೆ, ತಿಂಡಿ ಆದ ಮೇಲೆ’ ಎಂಬ ಹಾಗೆ ವೈದ್ಯರು ಹೇಳಿದ್ದನ್ನು ಬರೆಯಿರಿ. ಸೌಂಡ್ ಸೆಟ್ಟಿಂಗ್‌ನಲ್ಲಿ ಅಲಾರಂ ವಾಲ್ಯೂಮ್ ರಿಂಗ್ ವಾಲ್ಯೂಮ್‌ಗಿಂತ ಬೇರೆ ಇರುತ್ತದೆ, ಅದನ್ನು ಪೂರ್ತಿ ಏರಿಸಿ. ಅಲಾರಂ ನಿಲ್ಲಿಸಿದ ಮೇಲೆ ‘ನುಂಗಿದೆನೋ ಇಲ್ಲವೋ’ ಎಂಬ ಸಂಶಯಕ್ಕೆ ಫೋನಿನಲ್ಲಿ ಉತ್ತರ ಇಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ 7 ದಿನದ, ದಿನಕ್ಕೆ 2 ಗೂಡಿನ ಮಾತ್ರೆ ಡಬ್ಬಿ ತಂದು ವಾರಕ್ಕೊಮ್ಮೆ ನೀವೇ ತುಂಬಿಡಿ.

ಪ್ರಶ್ನೆ: ಕನ್ನಡದಲ್ಲೇ ಬರೆಯುತ್ತೇನೆ. ಆದರೆ ‘ನಾಳೆ ಸಂಜೆ’ ಎಂದು ಬರೆದರೆ ದಿನಾಂಕ ತಾನಾಗಿ ಬರುವುದಿಲ್ಲ. ಹಳೆಯದನ್ನು ಹುಡುಕಿದರೂ ಕೆಲವೊಮ್ಮೆ ಸಿಗುವುದಿಲ್ಲ.
– ವಕೀಲರು, ದಾವಣಗೆರೆ

ಉತ್ತರ: ಬರಹದಿಂದಲೇ ದಿನಾಂಕ ಹಿಡಿಯುವುದರಲ್ಲಿ ಹೆಸರಾದ ಟುಡೂಯಿಸ್ಟ್‌ಗೂ ಕನ್ನಡ ಬರುವುದಿಲ್ಲ. ಕೆಲಸವನ್ನು ಕನ್ನಡದಲ್ಲಿ ಬರೆದು ದಿನಾಂಕವನ್ನು ಮಾತ್ರ ಕ್ಯಾಲೆಂಡರ್ ಚಿಹ್ನೆಯಿಂದ ಆರಿಸಿ. ಬರೆಯುವ ಶ್ರಮ ತಪ್ಪಿಸಲು ಗೂಗಲ್ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿ, ಕನ್ನಡ ಕೀಲಿಮಣೆ ಮುಂದಿರುವಾಗಲೇ ಮೈಕ್ ಒತ್ತಿ. ಇಂಗ್ಲಿಷ್ ಕೀಲಿಮಣೆ ಇದ್ದಾಗ ಒತ್ತಿದರೆ ನಿಮ್ಮ ಕನ್ನಡವನ್ನು ಇಂಗ್ಲಿಷೆಂದೇ ಕೇಳಿಸಿಕೊಂಡು ಏನೇನೋ ಬರೆಯುತ್ತದೆ. ಕಕ್ಷಿದಾರರ ಹೆಸರು, ಕೇಸ್ ನಂಬರ್ ಮಾತ್ರ ಕೈಯಲ್ಲಿ ತಿದ್ದಬೇಕಾಗುತ್ತದೆ.

ಹುಡುಕಾಟದ ತೊಡಕು ಸ್ವಾರಸ್ಯಕರ. ನಾವು ಪದಕ್ಕೆ ಪ್ರತ್ಯಯ ಅಂಟಿಸುತ್ತೇವೆ: ಬ್ಯಾಂಕು, ಬ್ಯಾಂಕಿಗೆ, ಬ್ಯಾಂಕಿನಲ್ಲಿ. ‘ಬ್ಯಾಂಕು’ ಎಂದು ಹುಡುಕಿದರೆ ‘ಬ್ಯಾಂಕಿಗೆ’ ಸಿಗದು. ಕೊನೆಯ ಸ್ವರಚಿಹ್ನೆ ಬಿಟ್ಟು ‘ಬ್ಯಾಂಕ’ ಎಂದಷ್ಟೇ ಹುಡುಕಿ. ಯೂನಿಕೋಡ್‌ನಲ್ಲಿ ಅಕ್ಷರ ಬೇರೆ, ಗುಣಿತದ ಚಿಹ್ನೆ ಬೇರೆ ಸಂಕೇತವಾದ್ದರಿಂದ ಪದದ ತುಂಡನ್ನೂ ಹುಡುಕುವ ಆ್ಯಪ್‌ಗಳಲ್ಲಿ ಮೂರೂ ಸಿಗುತ್ತವೆ. ಇನ್ನೊಂದು, ‘ಆಫೀಸ್‌ನಲ್ಲಿ’ ಎನ್ನುವಾಗ ನಕಾರವು ಸಕಾರದ ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವೊಂದು ನಡುವೆ ಇರುತ್ತದೆ. ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಆಗ ಓದಲು ಒಂದೇ ಪದವಾದರೂ ಯಂತ್ರಕ್ಕೆ ಎರಡು. ‘ಆಫೀಸ’ ಎಂದು ಹುಡುಕಿದರೆ ಅದೂ ಬಗೆಹರಿಯುತ್ತದೆ. ಕೇಸ್ ನಂಬರನ್ನು 123 ಎಂಬ ಅಂಕಿಗಳಲ್ಲೇ ಬರೆಯಿರಿ. ಒಮ್ಮೆ ಹೀಗೆ, ಒಮ್ಮೆ ಕನ್ನಡ ಅಂಕಿಯಲ್ಲಿ ಬರೆದರೆ ಹುಡುಕಾಟ ಎರಡು ಪಾಲಾಗುತ್ತದೆ.

ಪ್ರಶ್ನೆ: ಊರಿನ ಆಸ್ಪತ್ರೆಯಲ್ಲಿ ಅಮ್ಮನಿಗೆ ಟೋಕನ್ ತೆಗೆಯಲು ಭಾರತದ ಬೆಳಗ್ಗೆ 7ಕ್ಕೆ ಆನ್‌ಲೈನ್ ಬುಕಿಂಗ್ ತೆರೆಯುತ್ತದೆ. ರಾತ್ರಿ 9.30ಕ್ಕೆ ನೆನಪು ಹಾಕಿದ್ದೆ. ನವೆಂಬರ್ ಬಂದ ಮೇಲೆ ತಪ್ಪಿಹೋಗುತ್ತಿದೆ.
– ಸಾಫ್ಟ್‌ವೇರ್ ಎಂಜಿನಿಯರ್, ನ್ಯೂಜೆರ್ಸಿ

ಉತ್ತರ: ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ 1 ಗಂಟೆ ಹಿಂದಕ್ಕೆ ಹೋಗುತ್ತದೆ. ನಿಮಗೂ ಊರಿಗೂ ಇದ್ದ 9.30 ಗಂಟೆಯ ಅಂತರ 10.30 ಆಗುತ್ತದೆ. ಈಗ ನಿಮ್ಮ ರಾತ್ರಿ 9.30 ಎಂದರೆ ಊರಲ್ಲಿ ಬೆಳಗ್ಗೆ 8. ಮಾರ್ಚ್ ಎರಡನೇ ಭಾನುವಾರದ ತನಕ ನೀವು ರಾತ್ರಿ 8.30ಕ್ಕೆ ಕೂರಬೇಕು. ಟು-ಡು ಆ್ಯಪ್ ಬಿಟ್ಟು ಗೂಗಲ್ ಕ್ಯಾಲೆಂಡರ್‌ನಲ್ಲಿ ಈವೆಂಟ್ ಮಾಡಿ. ಸಮಯದ ಕೆಳಗಿರುವ ಟೈಮ್ ಝೋನ್ ಒತ್ತಿ ಇಂಡಿಯಾ ಆರಿಸಿ, ಆಮೇಲೆ ಬೆಳಗ್ಗೆ 7 ಎಂದು ಹಾಕಿ, 10 ನಿಮಿಷ ಮುಂಚಿನ ಎಚ್ಚರಿಕೆ ಸೇರಿಸಿ. ಗಡಿಯಾರ ಬದಲಾದಾಗ ಅದೇ ಹೊಂದಿಸಿಕೊಳ್ಳುತ್ತದೆ. ದುಬೈಯಲ್ಲಿರುವವರಿಗೆ ಈ ತಲೆನೋವಿಲ್ಲ, ಅಲ್ಲಿ ವರ್ಷವಿಡೀ ಅಂತರ ಒಂದೂವರೆ ಗಂಟೆ.

ಪ್ರಶ್ನೆ: ಪಟ್ಟಿಯಲ್ಲಿ ಈಗ 140 ಕೆಲಸಗಳಿವೆ. ತೆರೆಯಲು ಭಯವಾಗುತ್ತದೆ.
– ಪತ್ರಿಕಾ ಛಾಯಾಗ್ರಾಹಕರು, ಬೆಂಗಳೂರು

ಉತ್ತರ: ಅದರಲ್ಲಿ ನೂರು ಕೆಲಸವೇ ಅಲ್ಲದಿರಬಹುದು, ‘ಲೆನ್ಸ್’, ‘ಮನೆ’, ‘ಜಿಎಸ್‌ಟಿ’ ಎಂಬ ಗೊಣಗಾಟ ಇರಬಹುದು. ಕ್ರಿಯಾಪದ ಇಲ್ಲದ ಸಾಲು ಕೆಲಸವಲ್ಲ. ‘ಜಿಎಸ್‌ಟಿ’ ಬದಲು ‘ಮಾರ್ಚ್ ಬಿಲ್‌ಗಳನ್ನು ಲೆಕ್ಕಿಗರಿಗೆ ಮೇಲ್ ಮಾಡುವುದು’ ಎಂದು ಬರೆಯಿರಿ, ಬರೆಯಲಾಗದ್ದನ್ನು ‘ಮುಂದೆಂದಾದರೂ’ ಎಂಬ ಇನ್ನೊಂದು ಪಟ್ಟಿಗೆ ಸರಿಸಿ. ಮೈಕ್ರೋಸಾಫ್ಟ್ ಟು ಡುವಿನ ‘ಮೈ ಡೇ’ ನಿಮಗೆ ಹೊಂದೀತು. ಬೆಳಗ್ಗೆ ಪಟ್ಟಿಯಿಂದ ಐದಾರನ್ನು ಅಲ್ಲಿಗೆ ಎತ್ತಿಕೊಳ್ಳುವುದು, ರಾತ್ರಿ ಅದು ತಾನಾಗಿ ಖಾಲಿಯಾಗುತ್ತದೆ. ಮುಗಿಯದವು ಅಳಿಯುವುದಿಲ್ಲ, ಮೂಲ ಪಟ್ಟಿಯಲ್ಲೇ ಇರುತ್ತವೆ. ಎಲ್ಲದಕ್ಕೂ ದಿನಾಂಕ ಹಾಕುವ ಚಟ ಬಿಡಿ. ಸುಳ್ಳು ಗಡುವು ಹತ್ತು ಸಲ ಕೆಂಪಾದರೆ ನಿಜವಾದದ್ದು ಕೆಂಪಾದಾಗಲೂ ಕಣ್ಣು ಹೋಗುವುದಿಲ್ಲ.

ಪ್ರಶ್ನೆ: ನಮ್ಮ ತೋಟದಲ್ಲಿ ಸಿಗ್ನಲ್ ಇಲ್ಲ. ಖಾತೆ, ಇಂಟರ್ನೆಟ್ ಇಲ್ಲದೆ ನಡೆಯುವ ಆ್ಯಪ್ ಬೇಕು. ಫೋನ್ ಬದಲಿಸಿದಾಗ ಪಟ್ಟಿ ಹೋಗಬಾರದು.
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಟಾಸ್ಕ್ಸ್ ಡಾಟ್ ಆರ್ಗ್. ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶ, ಪ್ಲೇ ಸ್ಟೋರ್‌ನಲ್ಲೂ ಇಂಥ ತಂತ್ರಾಂಶಗಳ ಆ್ಯಪ್ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ಮೊದಲ ಸಲ ತೆರೆದಾಗ ಖಾತೆ ಸೇರಿಸದೆ ಮುಂದುವರಿದರೆ ಎಲ್ಲವೂ ಫೋನಿನಲ್ಲೇ ಉಳಿಯುತ್ತದೆ. ಬೋರ್ಡೋ ಸಿಂಪಡಣೆ, ಕೂಲಿ ಬಟವಾಡೆ, ಪಂಪ್‌ಸೆಟ್ ಸರ್ವಿಸ್ ಇವಕ್ಕೆಲ್ಲ ನೆನಪು ಬಾರಿಸಲು ಸಿಗ್ನಲ್ ಬೇಕಿಲ್ಲ. ಅಲಾರಂ ಫೋನಿನ ಗಡಿಯಾರದಿಂದ ನಡೆಯುತ್ತದೆ.

ಇದರ ಹುಟ್ಟಿನಲ್ಲೇ ನಿಮ್ಮ ಎರಡನೇ ಪ್ರಶ್ನೆಗೆ ಸಂಬಂಧಿಸಿದ ಸಂಗತಿ ಇದೆ. ಆಸ್ಟ್ರಿಡ್ ಎಂಬ ಜನಪ್ರಿಯ ಆ್ಯಪನ್ನು 2013ರಲ್ಲಿ ಯಾಹೂ ಕೊಂಡು ಅದೇ ವರ್ಷ ಮುಚ್ಚಿತು. ಅದರ ಮುಕ್ತ ಕೋಡ್‌ನಿಂದ ಬೆಳೆದದ್ದು ಈ ಆ್ಯಪ್. ವಂಡರ್‌ಲಿಸ್ಟ್ ಕೂಡ ಹಾಗೆಯೇ: 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2020ರ ಮೇ 6ಕ್ಕೆ ನಿಂತಿತು. ಪಟ್ಟಿಯನ್ನು ಹೊರತೆಗೆಯುವ ದಾರಿ ಇಲ್ಲದ ಆ್ಯಪನ್ನು ನಂಬಬಾರದು ಎನ್ನುವುದು ಇದಕ್ಕೇ.

ನಿಮ್ಮದು ಫೋನಿನಲ್ಲೇ ಇರುವುದರಿಂದ ಫೋನು ಕೆರೆಗೆ ಬಿದ್ದರೆ ಪಟ್ಟಿಯೂ ಹೋಯಿತು. ಆಂಡ್ರಾಯ್ಡ್‌ನ ಬ್ಯಾಕಪ್ ಆ್ಯಪಿಗೆ 25 ಎಂಬಿ ತನಕ ಉಳಿಸುತ್ತದಾದರೂ ಅದಕ್ಕೆ ಗೂಗಲ್ ಖಾತೆ ಬೇಕು, ಎಲ್ಲ ಆ್ಯಪ್‌ಗಳೂ ಅದರಲ್ಲಿ ಸೇರುವುದಿಲ್ಲ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ಸ್ ತೆರೆದು ‘ಬ್ಯಾಕಪ್ ನೌ’ ಒತ್ತಿದರೆ ಜೇಸನ್ ಎಂಬ ಸಣ್ಣ ಕಡತ ಬರುತ್ತದೆ. ಪೇಟೆಗೆ ಹೋದಾಗ ಅದನ್ನು ಮೆಮೊರಿ ಕಾರ್ಡಿಗೋ ಮಗಳ ಫೋನಿಗೋ ಕಳಿಸಿಡಿ. ಹೊಸ ಫೋನಿನಲ್ಲಿ ಅದೇ ಆ್ಯಪ್ ಹಾಕಿ, ಅದೇ ಪುಟದಲ್ಲಿ ಇಂಪೋರ್ಟ್ ಒತ್ತಿ ಕಡತ ತೋರಿಸಿದರೆ ಪಟ್ಟಿ ವಾಪಸ್ ಬರುತ್ತದೆ. ಗೂಗಲ್ ಕೀಪ್, ಟಾಸ್ಕ್ಸ್ ಬಳಸುವವರಿಗೆ ಇದೇ ಕೆಲಸವನ್ನು ಗೂಗಲ್ ಟೇಕ್‌ಔಟ್ ಮಾಡುತ್ತದೆ: ‘ಡಿಸೆಲೆಕ್ಟ್ ಆಲ್’ ಒತ್ತಿ, ಆ ಎರಡಕ್ಕೆ ಮಾತ್ರ ಟಿಕ್ ಹಾಕಿ, ಜಿಪ್ ಕಡತ ಇಳಿಸಿಕೊಳ್ಳಿ. ಹಳೆಯ ಫೋನನ್ನು ಅಳಿಸಿ ಮಾರುವ ಮೊದಲು ಹೊಸದರಲ್ಲಿ ಪಟ್ಟಿ ತೆರೆದು, ನೆನಪಿನ ಸಮಯಗಳೂ ಬಂದಿವೆಯೇ ಎಂದು ನಾಲ್ಕಾರು ಕೆಲಸಗಳನ್ನು ಮುಟ್ಟಿ ನೋಡಿ. ಹಾವೇರಿಯ ಓದುಗರಿಗೆ ಹೇಳಿದ ಮೂರು ಅನುಮತಿಗಳನ್ನು ಹೊಸ ಫೋನಿನಲ್ಲಿ ಮತ್ತೆ ಕೊಡಬೇಕು.